ಬಿಳಿಗೆ ನೀಲಿ ಹಾಕಿದ ಟಿವಿ

ಕಳೆದ ಆಗಸ್ಟ್ 15ರ ಬೆಳಿಗ್ಗೆ. ನಮ್ಮ ಮನೆಗೆ 55 ಇಂಚಿನ ಹೊಸ ಎಲ್‌ಇಡಿ ಟಿವಿ ಬಂದು ವಾರವಷ್ಟೇ ಆಗಿತ್ತು. ಕೆಂಪುಕೋಟೆಯ ನೇರಪ್ರಸಾರ ನೋಡಲು ಓಣಿಯ ನಾಲ್ಕೈದು ಮಂದಿ ಬಂದು ಕೂತಿದ್ದರು. ಬಾವುಟ ಮೇಲೇರಿ ಬಿಚ್ಚಿಕೊಂಡಿತು. ಪರದೆ ತುಂಬ ಬಣ್ಣ. "ಏನ್ ಕ್ಲಾರಿಟಿಪಾ!" ಎಂದು ಪಕ್ಕದ ಮನೆಯ ಕಾಕಾ ಅಂದರು. ನನಗೆ ಒಳಗೊಳಗೇ ಹೆಮ್ಮೆ. ಕಂತಿನ ಮೇಲೆ ತಂದದ್ದಾದರೂ ತಂದವನು ನಾನೇ ತಾನೆ.

ಬಾಗಿಲ ಹತ್ತಿರ ಕೂತಿದ್ದ ನಮ್ಮ ಚಿಗವ್ವ ಮಾತ್ರ ಕಣ್ಣು ಕಿರಿದು ಮಾಡಿ ನೋಡಿದಳು. "ಇದೇನೋ ತಮ್ಮಾ, ಬಿಳೀಗೆ ನೀಲಿ ಹಾಕ್ಯಾರೇನು? ಕೇಸರಿ ನೋಡು, ಕುಂಕುಮ ಆಗೇತಿ. ಇಂಥ ಬಟ್ಟಿ ನಮ್ಮಲ್ಲಿ ಬಂದಿದ್ರ ತಿರುಗಿ ಕಳಸ್ತಿದ್ವಿ" ಎಂದಳು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಯಾಕೆಂದರೆ ಚಿಗವ್ವ ಕೆಲಸ ಮಾಡುವುದು ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಬಾವುಟ ವಿಭಾಗದಲ್ಲಿ. ನಾನು ಕೆಲಸ ಮಾಡುವುದು ಹುಬ್ಬಳ್ಳಿಯ ಒಂದು ಟಿವಿ ಅಂಗಡಿಯಲ್ಲಿ. ಆ ಬಿಳಿಗೆ ನೀಲಿ ಹಾಕಿದವನು ನಾನೇ.

ಬೆಂಗೇರಿಯವರಿಗೆ ಈ ಸಂಘದ ಬಗ್ಗೆ ಹೇಳಬೇಕಾಗಿಲ್ಲ. ಹೊರಗಿನ ಓದುಗರಿಗಾಗಿ ಎರಡು ಮಾತು. 1957ರಲ್ಲಿ ಶುರುವಾದ ಸಂಘವಿದು. ಇಲ್ಲಿ ರಾಷ್ಟ್ರಧ್ವಜ ತಯಾರಾಗುವುದು ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್ ನಿಗದಿ ಮಾಡಿದ ನಿಯಮದಂತೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಖಾದಿ ಇಲ್ಲಿಗೆ ಬರುತ್ತದೆ. ಬಿಳಿ ಮಾಡುವುದು, ಬಣ್ಣ ಹಾಕುವುದು, 24 ಗೆರೆಗಳ ಚಕ್ರ ಅಚ್ಚು ಹಾಕುವುದು, ಹೊಲಿಯುವುದು, ಹಗ್ಗ ಕೂಡಿಸುವುದು, ಹೀಗೆ ಒಂದೊಂದೇ ಹಂತ ದಾಟಬೇಕು. ಒಂಬತ್ತು ಅಳತೆಗಳಿವೆ. ಎಲ್ಲಕ್ಕಿಂತ ಸಣ್ಣದು 150 ಮಿಲಿಮೀಟರ್ ಉದ್ದ, 100 ಮಿಲಿಮೀಟರ್ ಅಗಲ. ಎಲ್ಲಕ್ಕಿಂತ ದೊಡ್ಡದು 6300ಕ್ಕೆ 4200. ಯಾವುದೇ ಅಳತೆಯಾದರೂ ಮೂರಕ್ಕೆ ಎರಡರ ಪ್ರಮಾಣ ತಪ್ಪುವಂತಿಲ್ಲ.

ಬಣ್ಣವೂ ಹಾಗೆಯೇ. "ಐಎಸ್ 1" ಎಂಬ ಮಾನಕದಲ್ಲಿ ಕೇಸರಿ ಎಂದರೆ ಯಾವ ಕೇಸರಿ, ಹಸಿರು ಎಂದರೆ ಯಾವ ಹಸಿರು ಎಂಬುದನ್ನು ಅಂಕಿಗಳಲ್ಲಿ ಬರೆದಿಟ್ಟಿದ್ದಾರೆ. 1951ರಲ್ಲಿ ಬಂದ ಮಾನಕವದು, ಆಮೇಲೆ 1964 ಮತ್ತು 1968ರಲ್ಲಿ ತಿದ್ದುಪಡಿಯಾಯಿತು. "ನನ್ನ ಕಣ್ಣಿಗೆ ಇದು ಚಲೋ ಕಾಣ್ತದ" ಎಂಬ ಮಾತಿಗೆ ಅಲ್ಲಿ ಬೆಲೆ ಇಲ್ಲ. ಮಾದರಿಯ ಪಕ್ಕ ಇಟ್ಟು ನೋಡಬೇಕು, ಹೊಂದದಿದ್ದರೆ ಬಿಡಬೇಕು. ವರ್ಷಗಟ್ಟಲೆ ಇದೇ ಕೆಲಸ ಮಾಡಿದ ಕಣ್ಣು ಚಿಗವ್ವನದು.

ಟಿವಿಗೂ ಇಂಥದೇ ಒಂದು ಮಾನಕವಿದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಬಿಎಸ್ಸಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಟಿವಿ ಮಾರುವ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಟಿವಿಯ ಬಿಳಿ ಎಂದರೆ ಹಗಲಿನ ಬೆಳಕಿಗೆ ಹತ್ತಿರವಾದ, 6500 ಕೆಲ್ವಿನ್ ಸುಮಾರಿನ ಬಿಳಿ ಎಂದು ನಿಗದಿಯಾಗಿದೆ. ಎಚ್‌ಡಿ ಟಿವಿಯ ಕೆಂಪು, ಹಸಿರು, ನೀಲಿ ಎಲ್ಲಿ ನಿಲ್ಲಬೇಕು ಎಂಬುದನ್ನು 1990ರಲ್ಲೇ ಬಿಟಿ.709 ಎಂಬ ಅಂತರರಾಷ್ಟ್ರೀಯ ಮಾನಕ ಹೇಳಿದೆ. ಸಿನಿಮಾದ ಬಣ್ಣ ತಿದ್ದುವವರು ಸ್ಟುಡಿಯೊದ ಮಬ್ಬು ಬೆಳಕಿನಲ್ಲಿ, ಇದೇ ಮಾನಕಕ್ಕೆ ಹೊಂದಿಸಿದ ಪರದೆಯ ಮುಂದೆ ಕೂತು, ಒಂದೊಂದು ದೃಶ್ಯವನ್ನೂ ನೋಡಿ ತಿದ್ದುತ್ತಾರೆ. ನಮ್ಮ ಮನೆಯ ಟಿವಿ ಅದೇ ಮಾನಕಕ್ಕೆ ಹೊಂದಿಕೊಂಡರೆ ಅವರು ನೋಡಿದ್ದನ್ನೇ ನಾವೂ ನೋಡುತ್ತೇವೆ. ಟಿವಿಯನ್ನು ಹಾಗೆ ಹೊಂದಿಸುವುದಕ್ಕೇ ಕ್ಯಾಲಿಬ್ರೇಶನ್ ಅನ್ನುವುದು.

ಹಾಗಾದರೆ ಟಿವಿ ಕಂಪನಿಗಳು ಬೇರೆ ಬಣ್ಣ ಯಾಕೆ ಇಡುತ್ತವೆ? ಉತ್ತರ ಅಂಗಡಿಯಲ್ಲಿದೆ.

ಅಂಗಡಿಯ ಗೋಡೆ ನೆನಪಿಸಿಕೊಳ್ಳಿ. ತಲೆಯ ಮೇಲೆ ಸಾಲು ಸಾಲು ದೀಪ. ಪಕ್ಕಪಕ್ಕದಲ್ಲಿ ಇಪ್ಪತ್ತು ಟಿವಿ. ಗಿರಾಕಿ ಒಂದೊಂದರ ಮುಂದೆ ಅರ್ಧ ನಿಮಿಷ ನಿಲ್ಲುತ್ತಾನೆ. ಆ ಅರ್ಧ ನಿಮಿಷದಲ್ಲಿ ಕಣ್ಣು ಹೋಗುವುದು ಎಲ್ಲಕ್ಕಿಂತ ಹೆಚ್ಚು ಬೆಳಗುವ, ಎಲ್ಲಕ್ಕಿಂತ ಗಾಢ ಬಣ್ಣದ ಪರದೆಯ ಕಡೆಗೆ. ಅದಕ್ಕೇ "ವಿವಿಡ್" ಅಥವಾ "ಡೈನಾಮಿಕ್" ಎಂಬ ಮೋಡ್ ಇದೆ. ಹಿಂದಿನ ಬೆಳಕು ಪೂರ್ತಿ, ಬಣ್ಣ ಹೆಚ್ಚು, ಅಂಚುಗಳು ಚೂಪು, ಬಿಳಿಗೆ ನೀಲಿ. ನಮ್ಮ ಅವ್ವಂದಿರು ಧೋತರ, ಅಂಗಿ ಒಗೆದ ಮೇಲೆ ನೀಲಿ ಹಾಕುತ್ತಿದ್ದುದು ಯಾಕೆ? ತುಸು ನೀಲಿ ಬೆರೆತ ಬಿಳಿ ಇನ್ನೂ ಬೆಳ್ಳಗೆ ಕಾಣುತ್ತದೆ. ಟಿವಿಯವರದೂ ಅದೇ ಉಪಾಯ. ಚಿಗವ್ವ ಹೇಳಿದ್ದು ತಮಾಷೆಯ ಮಾತಲ್ಲ, ಅಕ್ಷರಶಃ ನಿಜ.

ಇಲ್ಲಿಯವರೆಗೆ ಇದು ಮಾರಾಟದ ಉಪಾಯ ಎನ್ನಬಹುದು. ನಾನು ಈ ಲೇಖನ ಬರೆಯಲು ಕಾರಣ ಬೇರೆ ಇದೆ.

ಹೋದ ವರ್ಷ ಗೋಪನಕೊಪ್ಪದ ಕಡೆಯ ನಿವೃತ್ತ ಮಾಸ್ತರರೊಬ್ಬರು ನಮ್ಮ ಅಂಗಡಿಯಲ್ಲಿ ಒಂದು ಟಿವಿ ತೆಗೆದುಕೊಂಡರು. ತಿಂಗಳೊಳಗೆ ಮರಳಿ ಬಂದರು. "ತಮ್ಮಾ, ಮಂದಿ ಮುಖ ಎಲ್ಲಾ ಬಯಲಾಟದ ಬಣ್ಣ ಹಚ್ಚಿಕೊಂಡಂಗ ಕಾಣ್ತಾವು. ಮನಿಯೊಳಗ ಯಾರಿಗೂ ನೋಡಾಕ ಆಗವಲ್ದು" ಅಂದರು. ಆ ತಿಂಗಳು ನನ್ನ ಟಾರ್ಗೆಟ್ ಇನ್ನೂ ಮುಟ್ಟಿರಲಿಲ್ಲ. "ಸರ್, ಆ ಪ್ಯಾನಲ್ ಇರೋದ ಅಷ್ಟ ರೀ. ಚಲೋ ಪಿಕ್ಚರ್ ಬೇಕಂದ್ರ ಮ್ಯಾಲಿನ ಮಾಡೆಲ್‌ಗೆ ಹೋಗ್ರಿ" ಅಂದೆ. ಅವರು ನನ್ನನ್ನು ನಂಬಿದರು. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು, ಮೇಲೆ 38 ಸಾವಿರ ರೂಪಾಯಿ ತುಂಬಿ, ದುಬಾರಿ ಟಿವಿ ಒಯ್ದರು. ನನಗೆ ಇನ್ಸೆಂಟಿವ್ ಬಂತು.

ಹದಿನೈದು ದಿನಕ್ಕೆ ಫೋನ್ ಮಾಡಿದರು. "ಇದು ಇನ್ನೂ ಕೆಂಪು ಕಾಣ್ತದಲ್ಲಪಾ." ಏನೋ ಹೇಳಿ ಇಟ್ಟೆ. ಮುಂದಿನ ಎರಡು ಕರೆ ಎತ್ತಲೇ ಇಲ್ಲ.

ಈಗ ಕಾರಣ ಗೊತ್ತಿದೆ. ಮೊದಲ ಟಿವಿಯ ಪ್ಯಾನಲ್‌ನಲ್ಲಿ ದೋಷವೇ ಇರಲಿಲ್ಲ, ಅದು ವಿವಿಡ್ ಮೋಡ್‌ನಲ್ಲಿತ್ತು ಅಷ್ಟೆ. ಎರಡನೆಯದೂ ವಿವಿಡ್‌ನಲ್ಲೇ ಇತ್ತು. ದುಬಾರಿ ಟಿವಿ ತೋರಿಸಬಲ್ಲ ಬಣ್ಣಗಳ ಹರವು ದೊಡ್ಡದು. ಆ ಹರವನ್ನು ಮಾನಕದ ಅಂಕೆಯಲ್ಲಿಟ್ಟರೆ ಚಿತ್ರ ಸೊಗಸು. ಅಂಕೆ ಬಿಟ್ಟರೆ ಸಾಮಾನ್ಯ ಟಿವಿಗಿಂತ ಹೆಚ್ಚು ದೂರ ದಾರಿ ತಪ್ಪುತ್ತದೆ. ಹೆಚ್ಚು ಹಣ ಕೊಟ್ಟವರಿಗೆ ಹೆಚ್ಚು ಕೆಟ್ಟ ಮುಖ!

ಚಿಗವ್ವನ ಮಾತು ಕೇಳಿದ ಆ ಮಧ್ಯಾಹ್ನ ನಮ್ಮ ಮನೆಯ ಟಿವಿಯ ಸೆಟ್ಟಿಂಗ್ಸ್ ತೆರೆದು ಕೂತೆ. ಕಂಪನಿಯ ಕೈಪಿಡಿ ಮೊದಲ ಸಲ ಪೂರ್ತಿ ಓದಿದೆ. ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಇದಕ್ಕೆ ಯಾವ ಎಂಜಿನಿಯರೂ ಬೇಕಾಗಿಲ್ಲ, ರಿಮೋಟ್ ಸಾಕು.

ಮೊದಲನೆಯದು, ಟಿವಿ "ಸ್ಟೋರ್" ಅಥವಾ "ಡೆಮೊ" ಮೋಡ್‌ನಲ್ಲಿದೆಯೇ ನೋಡಿ. ಹೊಸ ಟಿವಿ ಮೊದಲ ಸಲ ಹಚ್ಚಿದಾಗ ಮನೆಯೋ ಅಂಗಡಿಯೋ ಎಂದು ಕೇಳುತ್ತದೆ. ಅವಸರದಲ್ಲಿ ತಪ್ಪು ಒತ್ತಿದರೆ, ಏನು ತಿದ್ದಿದರೂ ಅದು ತಿರುಗಿ ಮೊದಲಿನಂತಾಗುತ್ತದೆ.

ಎರಡನೆಯದು, ಪಿಕ್ಚರ್ ಮೋಡ್ ಅನ್ನು "ಸಿನಿಮಾ", "ಮೂವಿ" ಅಥವಾ "ಫಿಲ್ಮ್‌ಮೇಕರ್"ಗೆ ಬದಲಿಸಿ. ಅರ್ಧಕ್ಕಿಂತ ಹೆಚ್ಚು ಕೆಲಸ ಇಲ್ಲೇ ಮುಗಿಯಿತು. ಕಲರ್ ಟೆಂಪರೇಚರ್ "ವಾರ್ಮ್" ಇರಲಿ. ಮೊದಲ ದಿನ "ಅಯ್ಯ, ಹಳದಿ ಆತು" ಅನಿಸುತ್ತದೆ. ಮೂರು ದಿನ ತಾಳಿ. ನೀಲಿಗೆ ಒಗ್ಗಿದ ಕಣ್ಣು ತಿರುಗಿ ದಾರಿಗೆ ಬರುತ್ತದೆ. ನಾಲ್ಕನೆಯ ದಿನ ಒಮ್ಮೆ ವಿವಿಡ್ ಹಚ್ಚಿ ನೋಡಿ, ನಿಮಗೇ ಕಣ್ಣು ಚುಚ್ಚುತ್ತದೆ.

ಮೂರನೆಯದು, ಹೆಸರುಗಳ ಗೊಂದಲ. ಎಲ್‌ಇಡಿ ಟಿವಿ ಎಂದು ನಾವು ಕರೆಯುವುದು ನಿಜಕ್ಕೂ ಎಲ್‌ಸಿಡಿ ಪರದೆ, ಅದರ ಹಿಂದೆ ಎಲ್‌ಇಡಿ ದೀಪ. ಆ ದೀಪದ ಬೆಳಕನ್ನು ಏರಿಳಿಸುವುದು "ಬ್ಯಾಕ್‌ಲೈಟ್". ಬಿಸಿಲು ಬರುವ ಹಾಲ್‌ನಲ್ಲಿ ಹಗಲು ಹೆಚ್ಚಿಸಿ, ರಾತ್ರಿ ಇಳಿಸಿ. ಇಳಿಸಿದರೆ ಕರೆಂಟೂ ಉಳಿಯುತ್ತದೆ. "ಬ್ರೈಟ್‌ನೆಸ್" ಎಂಬುದು ಬಹಳ ಟಿವಿಗಳಲ್ಲಿ ಬೆಳಕಿನ ಗುಂಡಿಯೇ ಅಲ್ಲ, ಕಪ್ಪಿನ ಗುಂಡಿ. ಕತ್ತಲ ದೃಶ್ಯದಲ್ಲಿ ಕಪ್ಪು ಕೋಟಿನ ಮಡಿಕೆ ಕಂಡೂ ಕಾಣದಂತಿದ್ದರೆ ಸರಿ. ಹೆಚ್ಚಿಸಿದರೆ ಕಪ್ಪು ಬೂದಿಯಾಗುತ್ತದೆ, ಇಳಿಸಿದರೆ ಮಡಿಕೆ ಮುಳುಗುತ್ತದೆ. ಕೆಲವು ಕಂಪನಿಗಳು ಈ ಹೆಸರುಗಳನ್ನು ಅದಲುಬದಲು ಮಾಡಿವೆ, ಆದ್ದರಿಂದ ಒತ್ತಿ ನೋಡಿ ತಿಳಿದುಕೊಳ್ಳಿ. "ಕಾಂಟ್ರಾಸ್ಟ್" ಬಿಳಿಯ ಗುಂಡಿ. ಬಿಳಿ ಅಂಗಿಯ ನೆರಿಗೆ, ಮೋಡದ ಪದರು ಅಳಿಸಿ ಹೋಗದಷ್ಟು ಇರಲಿ.

ನಾಲ್ಕನೆಯದು, "ಶಾರ್ಪ್‌ನೆಸ್". ಇದು ಇಲ್ಲದ ವಿವರವನ್ನು ತರುವುದಿಲ್ಲ, ಇರುವ ಅಂಚಿನ ಸುತ್ತ ಒಂದು ಗೆರೆ ಎಳೆಯುತ್ತದೆ. ಅಕ್ಷರಗಳ ಸುತ್ತ ಬಿಳಿ ಅಂಚು ಕಾಣುತ್ತಿದ್ದರೆ ಇಳಿಸಿ. ಕೆಲವು ಕಂಪನಿಗಳಲ್ಲಿ ಸೊನ್ನೆ ಸರಿ, ಕೆಲವಲ್ಲಿ ನಡುವಿನ ಅಂಕಿ ಸರಿ.

ಐದನೆಯದು, "ಮೋಶನ್ ಸ್ಮೂದಿಂಗ್". ಸಿನಿಮಾ ಸೆಕೆಂಡಿಗೆ 24 ಚಿತ್ರಗಳಲ್ಲಿ ತಯಾರಾಗುತ್ತದೆ. ಟಿವಿ ನಡುನಡುವೆ ತಾನೇ ಚಿತ್ರ ಹುಟ್ಟಿಸಿ ತುಂಬುತ್ತದೆ. ಆಗ ದೊಡ್ಡ ಸಿನಿಮಾ ಕೂಡ ಧಾರಾವಾಹಿಯಂತೆ ಕಾಣುತ್ತದೆ. 2018ರ ಡಿಸೆಂಬರ್‌ನಲ್ಲಿ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್‌ಕ್ವಾರಿ ಇದನ್ನು ಆಫ್ ಮಾಡಿರೆಂದು ವಿಡಿಯೊ ಮಾಡಿ ಬೇಡಿಕೊಂಡಿದ್ದರು. ಮರುವರ್ಷವೇ ಬಂದದ್ದು ನಾನು ಮೇಲೆ ಹೇಳಿದ ಫಿಲ್ಮ್‌ಮೇಕರ್ ಮೋಡ್. ಇಂಥ ಎಲ್ಲ ಕೈವಾಡವನ್ನು ಅದು ಒಂದೇ ಸಲಕ್ಕೆ ಬಂದ್ ಮಾಡುತ್ತದೆ. ಕ್ರಿಕೆಟ್‌ಗೆ ಸ್ಮೂದಿಂಗ್ ಬೇಕು ಅನಿಸಿದರೆ ಇಟ್ಟುಕೊಳ್ಳಿ, ತಪ್ಪೇನಿಲ್ಲ.

ಇಲ್ಲಿ ಒಂದೆರಡು ಎಚ್ಚರಿಕೆ ಹೇಳಲೇಬೇಕು. ಯೂಟ್ಯೂಬ್‌ನಲ್ಲಿ ಯಾರೋ ಹೇಳಿದ ಅಂಕಿಗಳನ್ನು ಹಾಗೇ ತುಂಬಬೇಡಿ. ಒಂದೇ ಮಾಡೆಲಿನ ಎರಡು ಟಿವಿಗಳ ಪ್ಯಾನಲ್ ಒಂದೇ ಥರ ಇರುವುದಿಲ್ಲ. ಪೂರ್ತಿ ನಿಖರವಾಗಿ ಬೇಕೆಂದರೆ ಬಣ್ಣ ಅಳೆಯುವ ಮೀಟರ್ ಬೇಕು, ಅದು ವೃತ್ತಿಪರರ ಕೆಲಸ, ಎಲ್ಲ ಮನೆಗೂ ಅಗತ್ಯವಿಲ್ಲ. ಎಚ್‌ಡಿಆರ್ ಚಿತ್ರಕ್ಕೆ ಸೆಟ್ಟಿಂಗ್ ಬೇರೆ ಇರುತ್ತದೆ, ಅದು ಪರದೆಯ ಮೇಲೆ ಓಡುತ್ತಿರುವಾಗಲೇ ತೆರೆದು ನೋಡಿ. ಇನ್ನು, ಟಿವಿ ಎಷ್ಟೇ ಸರಿ ಮಾಡಿದರೂ ಪರದೆಯ ಕೇಸರಿ ಬೆಂಗೇರಿಯ ಬಟ್ಟೆಯ ಕೇಸರಿಯೊಂದಿಗೆ ಎಳೆ ತಪ್ಪದೆ ಹೊಂದುವುದಿಲ್ಲ. ನಡುವೆ ಕ್ಯಾಮೆರಾ ಇದೆ, ಬಿಸಿಲಿದೆ, ಚಾನೆಲ್ ಇದೆ. ಆದರೂ ಕುಂಕುಮವಂತೂ ಆಗುವುದಿಲ್ಲ.

"ಅವರವರ ಟಿವಿ, ಅವರವರ ಕಣ್ಣು. ಗಿರಾಕಿಗೆ ಗಾಢ ಬಣ್ಣವೇ ಇಷ್ಟವಾದರೆ ನಿಮ್ಮದೇನು?" ಎಂದು ನನ್ನ ಜೊತೆ ಕೆಲಸ ಮಾಡುವ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ಗೊತ್ತಿದ್ದು ಆರಿಸಿಕೊಂಡರೆ ನನ್ನದೇನೂ ಇಲ್ಲ. ಮಿರ್ಚಿಗೆ ಖಾರ ಹೆಚ್ಚು ಬೇಕೆನ್ನುವವರು ಕೇಳಿ ಹಾಕಿಸಿಕೊಳ್ಳುತ್ತಾರೆ. ಆದರೆ ಬೇರೆ ರುಚಿ ಇದೆ ಎಂಬುದನ್ನೇ ಮುಚ್ಚಿಟ್ಟು, ಹೊಟ್ಟೆ ಉರಿದವನಿಗೆ "ನಿನ್ನ ತಟ್ಟೆ ಸರಿಯಿಲ್ಲ, ದೊಡ್ಡ ತಟ್ಟೆ ತೊಗೊ" ಅಂದರೆ ಅದು ಆಯ್ಕೆಯಲ್ಲ, ಮೋಸ. ನಾನು ಮಾಡಿದ್ದು ಅದನ್ನೇ.

ಆಗಸ್ಟ್ ಮುಗಿಯುವುದರೊಳಗೆ ಒಂದು ಭಾನುವಾರ ಮಾಸ್ತರರ ಮನೆಗೆ ಹೋದೆ. ಬಾಗಿಲು ತೆರೆದವರು ಬೈಯಲಿಲ್ಲ, "ಬಾರಪಾ" ಅಂದರು. ಟಿವಿಯ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಹದಿನೈದು ನಿಮಿಷದಲ್ಲಿ ಎಲ್ಲ ಸರಿ ಮಾಡಿದೆ. ಒಂದು ಹಳೆಯ ಕನ್ನಡ ಸಿನಿಮಾ ಹಚ್ಚಿದೆವು. ಮುಖ ಮುಖದಂತೆ ಕಂಡಿತು. ಅವರ ಮನೆಯವರು ಒಳಗಿನಿಂದ ಬಂದು ನಿಂತು ನೋಡಿದರು.

ಆಗ ಮಾಸ್ತರರು ಕೇಳಿದರು: "ಹಂಗಾದ್ರ ಆ ಮೊದಲಿನ ಟಿವಿನೂ ಹಿಂಗ ಆಗ್ತಿತ್ತೇನು?"

ಸುಳ್ಳು ಹೇಳಬಹುದಿತ್ತು. "ಹೌದ್ರಿ ಸರ್" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಚಹಾ ಕುಡದು ಹೋಗು" ಅಂದರು. ಕ್ಷಮಿಸಿದರೋ ಇಲ್ಲವೋ ಕೇಳುವ ಧೈರ್ಯ ನನಗಾಗಲಿಲ್ಲ. 38 ಸಾವಿರ ರೂಪಾಯಿ ಅವರಿಗೆ ಮರಳಿ ಬರುವುದಿಲ್ಲ. ನಾನು ಪಡೆದ ಇನ್ಸೆಂಟಿವ್ ಕೂಡ ಖರ್ಚಾಗಿ ಹೋಗಿತ್ತು, ನಮ್ಮ ಮನೆಯ ಟಿವಿಯ ಮೊದಲ ಕಂತಿಗೆ.

ನಾನು ಆ ಕೆಲಸ ಬಿಟ್ಟಿಲ್ಲ. ಡಿಗ್ರಿ ಮುಗಿಸಿ ಎರಡು ವರ್ಷ ಅರ್ಜಿ ಹಾಕಿ ಕೂತವರಿಗೆ ಕೈಗೆ ಬಂದ ಕೆಲಸ ಬಿಡುವುದು ಎಷ್ಟು ಕಷ್ಟ ಎಂಬುದು ಗೊತ್ತಿರುತ್ತದೆ. ಆದರೆ ಈಗ ಟಿವಿ ಮನೆಗೆ ಹೋಗುವ ಮುಂಚೆ ಗಿರಾಕಿಗೆ ಮೋಡ್ ಬದಲಿಸಿ ತೋರಿಸುತ್ತೇನೆ. ಎರಡನ್ನೂ ನೋಡಿ, ಬೇಕಾದ್ದು ಇಟ್ಟುಕೊಳ್ಳಿ ಅನ್ನುತ್ತೇನೆ. ದೂರು ತಂದವರಿಗೆ ಮೇಲಿನ ಮಾಡೆಲ್ ತೋರಿಸುವ ಮೊದಲು ಸೆಟ್ಟಿಂಗ್ ನೋಡುತ್ತೇನೆ. ಒಂದೆರಡು ಮಾರಾಟ ಕೈ ತಪ್ಪಿವೆ, ಮೇಲಿನವರಿಂದ ಮಾತೂ ಕೇಳಿದ್ದೇನೆ. ಹಾಗೆಯೇ "ಆ ಹುಡುಗನ ಕಡೆ ಹೋಗ್ರಿ" ಎಂದು ಹೇಳಿಸಿಕೊಂಡು ಬಂದ ಗಿರಾಕಿಗಳೂ ಇದ್ದಾರೆ.

ಅಂಗಡಿಗಳಿಗೆ ನನ್ನದೊಂದು ಬೇಡಿಕೆ. ಇಪ್ಪತ್ತು ಟಿವಿಗಳ ಗೋಡೆ ಹಾಗೇ ಇರಲಿ. ಒಂದು ಮೂಲೆಯಲ್ಲಿ ದೀಪ ಕಡಿಮೆ ಮಾಡಿ, ಒಂದು ಟಿವಿಯನ್ನು ಮಾನಕಕ್ಕೆ ಹೊಂದಿಸಿ ಇಡಿ. ಬೆಂಗೇರಿಯಲ್ಲಿ ಬಟ್ಟೆ ಹೋಲಿಸಲು ಮಾದರಿ ಇರುವಂತೆ ಗಿರಾಕಿಗೂ ಒಂದು ಮಾದರಿ ಇರಲಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ದೊಡ್ಡ ಪರದೆ ಕೊಳ್ಳಬೇಕೆಂದಿದ್ದವರಿಗೆ ಇದು ಅನುಕೂಲ. ಕೊಂಡ ಮೇಲೆ ಅದರ ಪೂರ್ತಿ ಬೆಲೆ ಕಣ್ಣಿಗೆ ಸಿಗಬೇಕಲ್ಲ?

ಮಾನಕ ಪಾಲಿಸುವವರಿಗೆ ಮಾರುಕಟ್ಟೆ ಸುಲಭವಲ್ಲ ಎಂಬುದೂ ನನಗೆ ಗೊತ್ತು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಮತ್ತು ಯಂತ್ರದಲ್ಲಿ ತಯಾರಾದ ಬಾವುಟಕ್ಕೂ ಅವಕಾಶವಾಯಿತು. ಆಗ ಬೆಂಗೇರಿಯ ಸಂಘ ವಿರೋಧಿಸಿತ್ತು. ಪಾಲಿಯೆಸ್ಟರ್ ಅಗ್ಗ, ಹೊಳಪು ಹೆಚ್ಚು. ಅದು ಮನೆಮನೆಗೆ ಬಾವುಟ ತಲುಪಿಸಿತು ಎನ್ನುವವರಿದ್ದಾರೆ, ಆ ಮಾತಿನಲ್ಲೂ ಅರ್ಥವಿದೆ. ಚಿಗವ್ವ ಮಾತ್ರ ಈಗಲೂ ದಿನಾ ಬೆಳಿಗ್ಗೆ ಹೋಗಿ ಅದೇ ಮಾದರಿಗೆ ಅದೇ ಕೇಸರಿಯನ್ನು ಹೋಲಿಸಿ ನೋಡುತ್ತಾಳೆ. ಹೊಳೆಯುವುದು ಬೇರೆ, ಸರಿಯಿರುವುದು ಬೇರೆ ಎಂದು ನನಗೆ ಕಾಲೇಜು ಕಲಿಸಲಿಲ್ಲ, ಅವಳು ಒಂದೇ ಮಾತಿನಲ್ಲಿ ಕಲಿಸಿದಳು.

ಗೆಳೆಯರೇ, ಇವತ್ತು ಸಂಜೆ ರಿಮೋಟ್ ಹಿಡಿದು ಸೆಟ್ಟಿಂಗ್ಸ್ ತೆರೆಯಿರಿ. ನಿಮ್ಮ ಮನೆಯದು ಆಯಿತೆಂದರೆ ಪಕ್ಕದ ಮನೆಯ ಅಜ್ಜ–ಅಜ್ಜಿಯರ ಟಿವಿಯನ್ನೂ ನೋಡಿಕೊಡಿ. ಹಣ ತೆಗೆದುಕೊಳ್ಳಬೇಡಿ, ಚಹಾ ಕೊಟ್ಟರೆ ಕುಡಿಯಿರಿ.

ಜನವರಿ 26ಕ್ಕೆ ಚಿಗವ್ವನನ್ನು ಮತ್ತೆ ನಮ್ಮ ಮನೆಗೆ ಕರೆದಿದ್ದೆ. ಪರೇಡ್ ಶುರುವಾಯಿತು, ಬಾವುಟ ಹಾರಿತು. ನಾನು ಟಿವಿ ನೋಡಲಿಲ್ಲ, ಅವಳ ಮುಖ ನೋಡಿದೆ. "ಹೂಂ, ಈಗ ಪರವಾಗಿಲ್ಲ. ಆದ್ರ ಹಸಿರು ಇನ್ನೊಂದ್ ಚೂರು ಇಳಸು" ಅಂದಳು.